ಜಪಾನಿನ ಷೇರು ಗುಳ್ಳೆ: 60 ಪಟ್ಟಿನ ಲೆಕ್ಕ

ಡಾಲರ್ ಮೌಲ್ಯ ಇಳಿಸಲು ದೊಡ್ಡ ದೇಶಗಳು ಮಾಡಿಕೊಂಡ 1985ರ ಪ್ಲಾಜಾ ಒಪ್ಪಂದದ ನಂತರ ಯೆನ್ ದುಬಾರಿಯಾಗಿ ಜಪಾನಿನ ರಫ್ತಿಗೆ ಪೆಟ್ಟು ಬಿತ್ತು. ಆರ್ಥಿಕತೆಗೆ ಆಸರೆಯಾಗಲೆಂದು ಬ್ಯಾಂಕ್ ಆಫ್ ಜಪಾನ್ 1987ರಲ್ಲಿ ಬಡ್ಡಿದರವನ್ನು ಶೇ 2.5ಕ್ಕೆ ಇಳಿಸಿತು. ಅಗ್ಗದ ಸಾಲ ಷೇರು, ಜಮೀನಿನತ್ತ ಹರಿಯಿತು. 1989ರ ಡಿಸೆಂಬರ್ 29ರಂದು ಜಪಾನಿನ ಷೇರುಪೇಟೆಯ ನಿಕ್ಕೈ ಸೂಚ್ಯಂಕ ಶಿಖರ ಮುಟ್ಟಿ 38,915ರಲ್ಲಿ ದಿನದ ವಹಿವಾಟು ಮುಗಿಸಿತು.

ಆಗ ಷೇರುಗಳ ಬೆಲೆ ಕಂಪನಿಗಳ ವಾರ್ಷಿಕ ಗಳಿಕೆಯ ಸುಮಾರು 60 ಪಟ್ಟು. ಅಂದರೆ ಒಂದು ಯೆನ್ ಲಾಭಕ್ಕೆ 60 ಯೆನ್ ತೆರಬೇಕು. ಗಳಿಕೆ ಹೆಚ್ಚದಿದ್ದರೆ ಹಾಕಿದ ಹಣ ಹುಟ್ಟಲು 60 ವರ್ಷ! ಮೌಲ್ಯಾಧಾರಿತ ಹೂಡಿಕೆದಾರರು ಮೊದಲು ನೋಡುವುದೇ ಈ ಲೆಕ್ಕವನ್ನು. ಅಬ್ಬರದ ದಿನಗಳಲ್ಲಿ ಜನ ಮೊದಲು ಮರೆಯುವುದೂ ಇದನ್ನೇ.

1990ರ ಆಗಸ್ಟ್‌ನಲ್ಲಿ ಬಡ್ಡಿ ಶೇ 6ಕ್ಕೇರಿತು. 1992ರಲ್ಲಿ ಸೂಚ್ಯಂಕ 15,000ಕ್ಕಿಂತ ಕೆಳಗಿಳಿಯಿತು. ಹಳೆಯ ಶಿಖರ ದಾಟಿದ್ದು 2024ರ ಫೆಬ್ರುವರಿಯಲ್ಲಿ.