ಡೀಸೆಲ್ ಕದ್ದವರು ಯಾರು?

ಪುಣೆಗೆ ಬಂದು ಒಂಬತ್ತು ವರ್ಷವಾಯಿತು. ಎಂ.ಟೆಕ್ ಮುಗಿಸಿ ಇಲ್ಲಿ ಸಾಫ್ಟ್‌ವೇರ್ ಕೆಲಸಕ್ಕೆ ಸೇರಿದ ಮೇಲೆ ಊರಿನ ಜತೆ ಉಳಿದಿರುವ ಗಟ್ಟಿ ನಂಟೆಂದರೆ ನಿಪ್ಪಾಣಿಯ ಸೋದರಮಾವನ ಹಳೇ ಪಿಕಪ್. ವಾರಕ್ಕೆರಡು ಸಲ ಅದು ಬೆಲ್ಲ, ತರಕಾರಿ ಹೊತ್ತು ಇಲ್ಲಿನ ಮಾರ್ಕೆಟ್ ಯಾರ್ಡ್‌ಗೆ ಬರುತ್ತದೆ. ಅದರೊಂದಿಗೆ ಅಮ್ಮ ಕಟ್ಟಿಕೊಟ್ಟ ರೊಟ್ಟಿ, ಶೇಂಗಾ ಚಟ್ನಿಯೂ ಬರುತ್ತವೆ. ತರುವವರು ಹನ್ನೆರಡು ವರ್ಷದಿಂದ ಅದೇ ಗಾಡಿ ಓಡಿಸುತ್ತಿರುವ ಡ್ರೈವರ್ ಕಾಕಾ. ಕಳೆದ ವರ್ಷ ಅವರ ಮೇಲೆ ಕಳ್ಳತನದ ಅಪವಾದ ಬಂತು. ಹೊರಿಸಿದವನು ನಾನೇ.

ಗಾಡಿಯ ಗೇರ್‌ಬಾಕ್ಸ್ ಕೆಟ್ಟು, ಬಿಡಿಭಾಗ ಸಿಗದೆ, ಮಾವ ಬೇರೊಂದು ಕಂಪನಿಯ ಪಿಕಪ್‌ನ ಗೇರ್‌ಬಾಕ್ಸನ್ನೂ ಹಿಂದಿನ ಆಕ್ಸಲ್ಲನ್ನೂ ಹಾಕಿಸಿದ್ದರು. ಸ್ಪೀಡೋಮೀಟರ್ ಮಾತ್ರ ಹಳೆಯದು. ಗ್ಯಾರೇಜಿನವರು ಎರಡು ಕೇಬಲ್ ಕತ್ತರಿಸಿ ಜೋಡಿಸಿದರು, ಮುಳ್ಳು ಎದ್ದಿತು, ಎಲ್ಲರೂ ಸಮಾಧಾನಪಟ್ಟರು.

ಲೆಕ್ಕ ನೋಡುವುದು ನನ್ನ ಪಾಲಿಗಿತ್ತು. ಎಕ್ಸೆಲ್‌ನಲ್ಲಿ ಎರಡೇ ಕಾಲಂ: ತಿಂಗಳ ಕಿಲೋಮೀಟರ್, ತಿಂಗಳ ಡೀಸೆಲ್. ಮೊದಲು ಲೀಟರಿಗೆ 12 ಬರುತ್ತಿದ್ದ ಮೈಲೇಜು ದಿಢೀರನೆ 10ಕ್ಕೆ ಇಳಿಯಿತು. 3,623 ಕಿ.ಮೀ.ಗೆ 360 ಲೀಟರ್. ನನ್ನ ಲೆಕ್ಕದಲ್ಲಿ 58 ಲೀಟರ್ ಮಾಯ! ಮಾವನಿಗೆ ಫೋನ್ ಮಾಡಿ, ‘ಡೀಸೆಲ್ ಎಲ್ಲೋ ಸೋರುತ್ತಿದೆ, ಕಾಕಾನನ್ನು ಕೇಳಿ’ ಎಂದೆ. ಮಾವ ಆ ತಿಂಗಳ ಪಗಾರದಲ್ಲಿ ಹಣ ಮುರಿದುಕೊಂಡರು.

ಮುಂದಿನ ಸಲ ಕಾಕಾ ರೊಟ್ಟಿ ಗಂಟು ಕೊಟ್ಟು, ಎಂದಿನಂತೆ ಚಹಾಕ್ಕೆ ಕೂರಲಿಲ್ಲ. ಬಾಗಿಲಲ್ಲೇ ನಿಂತು ಹೇಳಿದರು: ‘ಸಾಹೇಬ್ರ, ನಿಪ್ಪಾಣಿಯಿಂದ ಇಲ್ಲಿಗೆ ಮೀಟರ್ ಮೊದಲ 270 ತೋರಸ್ತಿತ್ತು. ಈಗ 226 ತೋರಸ್ತೈತಿ. ರಸ್ತೆ ಗಿಡ್ಡ ಆಗೈತೇನ್ರಿ?’

ನನ್ನ ಎದೆ ಧಸಕ್ಕೆಂದಿತು. ಎಷ್ಟು ಟ್ರಿಪ್ ಎಂಬ ಕಾಲಂ ನನ್ನ ಹಾಳೆಯಲ್ಲಿ ಇರಲೇ ಇಲ್ಲ. ಇದ್ದಿದ್ದರೆ 8 ಟ್ರಿಪ್‌ಗೆ ಹೋಗಿಬರುವ ದೂರ 4,320 ಕಿ.ಮೀ. ಎಂದು ಮೂರನೇ ತರಗತಿಯ ಮಗುವೂ ಹೇಳುತ್ತಿತ್ತು.

ಮರುದಿನವೇ ನಾನಾ ಪೇಠೆಯ ಒಬ್ಬ ಮೀಟರ್ ರಿಪೇರಿಯವರ ಬಳಿಗೆ ಗಾಡಿ ಒಯ್ದೆವು. ಅವರು ಮೊದಲು ಡಯಲ್ ಮೇಲಿನ ಸಣ್ಣ ಅಂಕಿ ತೋರಿಸಿದರು: 620. ಅಂದರೆ ಕೇಬಲ್ಲಿನ ಒಳತಂತಿ 620 ಸುತ್ತು ತಿರುಗಿದಾಗ ಈ ಮೀಟರ್ ಒಂದು ಕಿಲೋಮೀಟರ್ ಎಂದು ಎಣಿಸುತ್ತದೆ. ಆಮೇಲೆ ಕೇಬಲ್ಲನ್ನು ಮೀಟರ್ ಕಡೆಯಿಂದ ಬಿಚ್ಚಿ, ತಂತಿಯ ತುದಿಗೆ ಟೇಪಿನ ಬಾವುಟ ಅಂಟಿಸಿ, ಅಳೆದ 50 ಮೀಟರ್ ಗಾಡಿ ತಳ್ಳಿಸಿದರು. 31 ಸುತ್ತು ಬರಬೇಕಿತ್ತು, ಬಂದದ್ದು 26.

ಕಾರಣ ಸರಳ. ಕೇಬಲ್ ತಿರುಗುವುದು ಗೇರ್‌ಬಾಕ್ಸಿನ ಹಿಂಬದಿಯ ಶಾಫ್ಟಿನಿಂದ. ಅದು ಕಿಲೋಮೀಟರಿಗೆ ಎಷ್ಟು ಸುತ್ತುತ್ತದೆ ಎಂಬುದು ಟೈರಿನ ಸುತ್ತಳತೆ, ಆಕ್ಸಲ್ಲಿನ ಅನುಪಾತ, ಕೇಬಲ್ ಗೇರಿನ ಹಲ್ಲುಗಳ ಮೇಲೆ ನಿಂತಿದೆ. ಪ್ರತಿ ಕಂಪನಿ ಇವನ್ನು ತನ್ನ ಮೀಟರಿಗೆ ತಕ್ಕಂತೆ ಹೊಂದಿಸಿರುತ್ತದೆ. ಅಮೆರಿಕದ ಹಳೇ ಗಾಡಿಗಳಲ್ಲಿ ಮೈಲಿಗೆ 1,000 ಸುತ್ತು, ಜಪಾನಿನವುಗಳಲ್ಲಿ ಕಿ.ಮೀ.ಗೆ 637 ಸುತ್ತು ರೂಢಿ. ಎಲೆಕ್ಟ್ರಾನಿಕ್ ಸೆನ್ಸರ್ ಬಂದರೂ ಪಾಡು ಅದೇ. ಅಮೆರಿಕದಲ್ಲಿ ಫೋರ್ಡ್ ಪಿಕಪ್‌ಗೆ ಶೆವ್ರೊಲೆ ಗೇರ್‌ಬಾಕ್ಸ್ ಹಾಕುವ ಹವ್ಯಾಸಿಗಳಿದ್ದಾರೆ. ಮೈಲಿಗೆ 8,000 ಪಲ್ಸ್ ಬಯಸುವ ಮೀಟರಿಗೆ 4,000 ಬಂದರೆ ಮುಳ್ಳು ಅರ್ಧಕ್ಕೇ ನಿಲ್ಲುತ್ತದೆ. ನಡುವೆ ಪಲ್ಸ್ ಬದಲಿಸುವ ಪುಟ್ಟ ಸರ್ಕ್ಯೂಟ್ ಕೂರಿಸಬೇಕು.

‘ಮುಳ್ಳನ್ನೇ ಸ್ವಲ್ಪ ಮುಂದೆ ತಿರುಗಿಸಿದರೆ?’ ಎಂದು ಕೇಳಿದೆ. ಅವರು ನಕ್ಕರು. ತಪ್ಪು ಇರುವುದು ಅನುಪಾತದಲ್ಲಿ. ಮೀಟರ್ 40 ತೋರಿಸಿದಾಗ ನಿಜವಾದ ವೇಗ ಸುಮಾರು 48, 60ಕ್ಕೆ 71, 80ಕ್ಕೆ 95. ಹತ್ತು ಕೂಡಿಸಿ ಓದಿದರೆ 50ರ ಆಸುಪಾಸಿನಲ್ಲಷ್ಟೇ ಸರಿ. ಖಂಬಾಟಕಿ ಘಾಟಿಯಲ್ಲಿ ಕಾಕಾ 60 ಎಂದುಕೊಂಡು 71ರಲ್ಲಿ ಇಳಿಯುತ್ತಿದ್ದರೆಂದು ನೆನೆದರೆ ಈಗಲೂ ಮೈ ಜುಮ್ಮೆನ್ನುತ್ತದೆ. ಅಲ್ಲದೆ ಮುಳ್ಳಿಗೆ ಅಯಸ್ಕಾಂತ ಮತ್ತು ಸ್ಪ್ರಿಂಗ್, ಕಿಲೋಮೀಟರ್ ಅಂಕಿಗೆ ಹಲ್ಲಿನ ಚಕ್ರ. ಮುಳ್ಳು ತಿದ್ದಿದರೆ ಅಂಕಿ ತಿದ್ದಿಕೊಳ್ಳುವುದಿಲ್ಲ.

ಅವರು ಮಾಡಿದ್ದು ಇಷ್ಟೇ. ಕೇಬಲ್ಲಿನ ನಡುವೆ ಬೆಂಕಿಪೊಟ್ಟಣದಷ್ಟು ದೊಡ್ಡ ರೇಷಿಯೋ ಬಾಕ್ಸ್ ಕೂರಿಸಿದರು. ಒಳಗೆ 31 ಹಲ್ಲಿನ ಚಕ್ರ, 26 ಹಲ್ಲಿನ ಚಕ್ರ. ತಿರುಗುವ ದಿಕ್ಕು ಉಲ್ಟಾ ಆಗದಿರಲೆಂದು ನಡುವೆ ಇನ್ನೊಂದು. ಮತ್ತೆ 50 ಮೀಟರ್ ತಳ್ಳಿದೆವು. ಕಾಕಾ ತಾವೇ ಗಟ್ಟಿಯಾಗಿ ಎಣಿಸಿದರು. ಮೂವತ್ತೊಂದು.

ಬೇರೆ ಕಂಪನಿಯ ಭಾಗ, ಅಷ್ಟೇಕೆ, ಬೇರೆ ಅಳತೆಯ ಟೈರ್ ಹಾಕಿಸಿದವರು ಹೆದ್ದಾರಿಯ ಕಿಲೋಮೀಟರ್ ಕಲ್ಲುಗಳ ಜತೆ ಹತ್ತು ಕಿ.ಮೀ. ಮೀಟರ್ ತಾಳೆ ನೋಡಿ. ಆರ್‌.ಸಿ.ಯಲ್ಲಿರುವ ವಿವರ ಬದಲಾಗುವಂಥ ಮಾರ್ಪಾಡು ಮಾಡುವಂತಿಲ್ಲ ಎಂದು ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಹೇಳುತ್ತದೆ. ಕೆಲಸಕ್ಕೆ ಮುಂಚೆಯೇ ಆರ್‌.ಟಿ.ಒ.ದಲ್ಲಿ ಕೇಳಿಕೊಳ್ಳಿ.

ಮಾವ ಮುರಿದ ಹಣ ಹಿಂದಿರುಗಿಸಿದರು. ನಾನು ಕಾಕಾನ ಕೈ ಹಿಡಿದು ತಪ್ಪಾಯಿತು ಎಂದೆ. ‘ಮೀಟರ್ ರಿಪೇರಿ ಆತಲ್ರಿ, ಬಿಡ್ರಿ’ ಎಂದರು. ಮುಂದಿನ ಟ್ರಿಪ್‌ನಲ್ಲಿ ಒಳಗೆ ಬಂದು ಕೂತರು. ಚಹಾ ಕುಡಿದೇ ಹೋದರು. ನನ್ನ ಎಕ್ಸೆಲ್‌ನಲ್ಲಿ ಈಗ ಮೂರು ಕಾಲಂ ಇವೆ. ಮೂರನೆಯದನ್ನು ತುಂಬಿಸುವವರು ಕಾಕಾನೇ.