ಹಿಂದಿನ ತೆರೆ, ಮುಂದಿನ ಗಾಜು

ಕಣ್ಣಿನ ಶಸ್ತ್ರಕ್ರಿಯೆಯಾಗಿ ಪಟ್ಟಿ ಬಿಚ್ಚಿದ ದಿನ ಮನೆಮಂದಿಯೆಲ್ಲ ಕೇಳುವ ಪ್ರಶ್ನೆ ಒಂದೇ: “ಕಾಣಿಸುತ್ತಿದೆಯೆ?” ಕಾಣಿಸುತ್ತಿದೆಯೆಂದರೆ ದೇವರಿಗೆ ತುಪ್ಪದ ದೀಪ, ವೈದ್ಯರಿಗೆ ಹಣ್ಣಿನ ಬುಟ್ಟಿ. ರೆಟಿನದ ಶಸ್ತ್ರಕ್ರಿಯೆಯಲ್ಲಿ ಮಾತ್ರ ಕಥೆ ಅಲ್ಲಿಗೇ ಮುಗಿಯುವುದಿಲ್ಲ.

ರೆಟಿನ, ಅಂದರೆ ಅಕ್ಷಿಪಟಲ, ಕಣ್ಣಿನ ಹಿಂಬದಿಯ ತೆರೆ; ಹೊರಗಿನ ಬಿಂಬ ಮೂಡುವುದು ಅದರ ಮೇಲೆ. ಅದು ಹರಿದು ಕಳಚಿಕೊಂಡಿತೆಂದರೆ ಒಂದು ಕಾಲದಲ್ಲಿ ಕುರುಡೇ ಗತಿ. ಹರಕನ್ನು ಮುಚ್ಚಿದರೆ ಪಟಲ ಮತ್ತೆ ಕೂಡಿಕೊಳ್ಳುವುದೆಂದು ತೋರಿಸಿಕೊಟ್ಟವನು ಸ್ವಿಟ್ಸರ್ಲೆಂಡಿನ ಜೂಲ್ ಗೊನ್ಯಾಂ. 1970ರಲ್ಲಿ ಅಮೆರಿಕದ ಮಯಾಮಿಯಲ್ಲಿ ರಾಬರ್ಟ್ ಮಾಕೆಮರ್ ಕಣ್ಣಿನೊಳಗಿನ ಲೋಳೆಯನ್ನೇ ಕತ್ತರಿಸಿ ಹೀರಿ ತೆಗೆಯುವ ವಿಧಾನವನ್ನು ಬಳಕೆಗೆ ತಂದಮೇಲಂತೂ, ಕೈಬಿಟ್ಟ ಎಷ್ಟೋ ಕಣ್ಣುಗಳು ಉಳಿದುಕೊಂಡವು.

ಆದರೆ ಬೆಳಕು ಆ ತೆರೆಯನ್ನು ಮುಟ್ಟಬೇಕಾದರೆ ಮೊದಲು ಕಾರ್ನಿಯವನ್ನು ಹಾಯಬೇಕು. ಕರಿಯಾಲಿಯ ಮುಂದಿರುವ, ಅರ್ಧ ಮಿಲಿಮೀಟರಿನಷ್ಟೇ ದಪ್ಪದ ಸ್ವಚ್ಛವಾದ ಗಾಜು ಅದು. ಅದರ ಒಳಮೈಗೆ ಜೇನುಹುಟ್ಟಿನಂತೆ ಆರು ಮೂಲೆಯ ಜೀವಕೋಶಗಳ ಒಂದೇ ಒಂದು ಪದರವಿದೆ. ವಯಸ್ಕರಲ್ಲಿ ಚದರ ಮಿಲಿಮೀಟರಿಗೆ ಸುಮಾರು 2500. ಹಗಲಿರುಳೂ ಕಾರ್ನಿಯದೊಳಗಿನ ನೀರನ್ನು ಹೊರಗೆ ಚೆಲ್ಲಿ ಅದನ್ನು ತಿಳಿಯಾಗಿಡುವುದೇ ಇವುಗಳ ಕೆಲಸ. ಸೋಜಿಗವೆಂದರೆ, ಇಷ್ಟು ದುಡಿಯುವ ಈ ಕೋಶಗಳು ಸತ್ತರೆ ಮರಳಿ ಹುಟ್ಟುವುದಿಲ್ಲ. ನೆರೆಯ ಕೋಶ ಮೈ ಹಿಗ್ಗಿಸಿಕೊಂಡು ಆ ಜಾಗವನ್ನು ತುಂಬುತ್ತದೆ, ಅಷ್ಟೆ. ಸಂಖ್ಯೆ 500ರ ಆಸುಪಾಸಿಗೆ ಇಳಿಯಿತೆಂದರೆ ಕಾರ್ನಿಯ ನೀರು ಕುಡಿದು ಊದುತ್ತದೆ, ಮಂಜಾಗುತ್ತದೆ.

ಲೋಳೆ ತೆಗೆಯುವ ಕ್ರಿಯೆಯಿಂದಲೇ ಇವುಗಳಿಗೆ ಹೆಚ್ಚಿನ ಕೇಡಿಲ್ಲ. ಮಸೂರ ತನ್ನ ಸ್ಥಾನದಲ್ಲಿದ್ದರೆ ಅದೇ ನಡುಗೋಡೆ. ಅಪಾಯವಿರುವುದು ಎಣ್ಣೆಯಲ್ಲಿ. ಅಂಟಿಸಿದ ಪಟಲವನ್ನು ಒತ್ತಿ ಹಿಡಿಯಲು ಕಣ್ಣಿನೊಳಗೆ ಸಿಲಿಕೋನ್ ಎಣ್ಣೆ ತುಂಬುವ ಪದ್ಧತಿಯನ್ನು 1962ರಲ್ಲಿ ಪಾಲ್ ಸಿಬಿಸ್ ಪ್ರಕಟಿಸಿದ. ಎಣ್ಣೆ ನೀರಿಗಿಂತ ಹಗುರ. ಮಸೂರವಿಲ್ಲದ ಕಣ್ಣಿನಲ್ಲಿ ಅದು ಪಾಪೆಯ ಮೂಲಕ ಮುಂದಕ್ಕೆ ಜಾರಿ ಕಾರ್ನಿಯದ ಒಳಮೈಗೆ ಅಂಟಿಕೊಳ್ಳಬಲ್ಲದು. ಆ ಕೋಶಗಳಿಗೆ ಅನ್ನ ಬರುವುದು ಕಣ್ಣಿನ ಮುಂಭಾಗದ ತಿಳಿರಸದಿಂದ. ನಡುವೆ ಎಣ್ಣೆ ನಿಂತರೆ ಅವು ಒಂದೊಂದಾಗಿ ಸಾಯುತ್ತವೆ. ಕೆಲವರಲ್ಲಿ ಸುಣ್ಣದ ಬಿಳಿ ಪಟ್ಟಿಯೂ ಅಡ್ಡಲಾಗಿ ಬೆಳೆಯುತ್ತದೆ.

ಜಪಾನಿನ ವೈದ್ಯ ಆಂಡೊ 1985ರಲ್ಲಿ ಹೇಳಿದ ಉಪಾಯ ಬಲು ಸರಳ: ಕರಿಯಾಲಿಯ ಕೆಳ ಅಂಚಿನಲ್ಲಿ ಒಂದು ಸಣ್ಣ ರಂಧ್ರ. ಎಣ್ಣೆ ಮೇಲಕ್ಕೆ ತೇಲುವುದರಿಂದ ತಳದಲ್ಲಿ ರಸಕ್ಕೆ ದಾರಿ ಉಳಿಯುತ್ತದೆ. ಆ ದಾರಿಯಿಂದ ಮುಂದೆ ಬಂದ ರಸ ಎಣ್ಣೆಯನ್ನು ಹಿಂದೆಯೇ ನಿಲ್ಲಿಸುತ್ತದೆ. ದೊಡ್ಡ ಯಂತ್ರವಿಲ್ಲ, ಹೊಸ ಔಷಧಿಯಿಲ್ಲ. ಎಣ್ಣೆಯ ಸ್ವಭಾವವನ್ನು ಅರಿತ ಬುದ್ಧಿ, ಅಷ್ಟೆ.

ಮಧುಮೇಹಿಗಳ ಕಷ್ಟ ಬೇರೆ. ಶಸ್ತ್ರಕ್ರಿಯೆಯ ನಡುವೆ ಕಾರ್ನಿಯದ ಹೊರಪದರ ಮಸುಕಾದರೆ, ಒಳಗೆ ಕಾಣಲೆಂದು ವೈದ್ಯರು ಅದನ್ನು ಕೆರೆದು ತೆಗೆಯಬೇಕಾಗುವುದುಂಟು. ಉಳಿದವರಲ್ಲಿ ಕೆಲವೇ ದಿನಗಳಲ್ಲಿ ಮಾಯುವ ಆ ಗಾಯ ಇವರಲ್ಲಿ ಬೇಗ ಮಾಯದು. ಲೇಸರ್ ಕಿರಣದಿಂದ ನರಗಳು ನೊಂದಿದ್ದರೆ ಕಾರ್ನಿಯದ ಸ್ಪರ್ಶಜ್ಞಾನವೂ ಕುಗ್ಗಬಹುದು. ಆಗ ಹುಣ್ಣಾದರೂ ನೋವು ತಿಳಿಯದು.

ಎಣ್ಣೆಯ ಮೋಸವೂ ಇಂಥದೇ. ಪಟಲ ಭದ್ರವಾದ ಮೇಲೆ, ಸಾಮಾನ್ಯವಾಗಿ 3ರಿಂದ 6 ತಿಂಗಳಲ್ಲಿ, ಅದನ್ನು ಹೊರತೆಗೆಯುವುದು ವಾಡಿಕೆ. ಕೆಲವು ಕಣ್ಣುಗಳಲ್ಲಿ ಮಾತ್ರ ಬೇಕೆಂದೇ ಬಿಡುತ್ತಾರೆ. ಅಷ್ಟರಲ್ಲಿ ರೋಗಿಗೆ ನೋವಿಲ್ಲ, ಒಂದಿಷ್ಟು ಕಾಣುತ್ತಲೂ ಇದೆ. ಮಗಳ ಮದುವೆ ಮುಗಿಯಲಿ, ಪರೀಕ್ಷೆಗಳು ಕಳೆಯಲಿ ಎಂದು ದಿನ ಮುಂದೆ ಹೋಗುತ್ತದೆ. ಮಂಜು ಕವಿದ ಮೇಲೆ ಓಡಿ ಬಂದರೆ, ತೆರೆ ಚೆನ್ನಾಗಿದ್ದರೂ ಗಾಜು ಹೋಗಿರುತ್ತದೆ.

ಆಮೇಲೂ ಉಪಾಯವಿಲ್ಲದಿಲ್ಲ. 1905ರಲ್ಲಿ ಎಡ್ವರ್ಡ್ ಜಿರ್ಮ್ ಮನುಷ್ಯನಿಗೆ ಮನುಷ್ಯನ ಕಾರ್ನಿಯವನ್ನು ಕಸಿ ಮಾಡಿ ಯಶಸ್ಸು ಪಡೆದ. ಈಗ ದಾನಿಯ ಒಳಪದರವನ್ನಷ್ಟೇ ತಂದು ಕೂಡಿಸುವುದೂ ಸಾಧ್ಯ. ಆದರೆ ಎಣ್ಣೆ ಮುಂಭಾಗದಲ್ಲೇ ಉಳಿದರೆ ಹೊಸ ಕೋಶಗಳಿಗೂ ಹಳೆಯವುಗಳ ಪಾಡೇ. ಆದ್ದರಿಂದ ವೈದ್ಯರು ಕಸಿಯ ಮಾತೆತ್ತುವಾಗ ಎಣ್ಣೆಯ ಮಾತನ್ನೂ ಮತ್ತೆ ಎತ್ತುತ್ತಾರೆ.