ಕಾವಲು ನಾಯಿಗೆ ಗೂಡಿನ ಅಭ್ಯಾಸ

ಕಲಬುರಗಿಯ ಬೇಳೆ ಗಿರಣಿ ಅಥವಾ ಗೋದಾಮಿನಲ್ಲಿ ರಾತ್ರಿ ಕಾವಲಿಗೆ ನಾಯಿ ಸಾಕುವ ವ್ಯಾಪಾರಿಗೆ ಹಗಲಿನ ಚಿಂತೆಯೇ ಬೇರೆ. ಹಮಾಲರು ಲಾರಿಗೆ ಚೀಲ ತುಂಬುವಾಗ ಅದನ್ನು ಗೂಡಿನಲ್ಲಿ ಕೂಡಿಹಾಕುವುದು ಅನಿವಾರ್ಯ. ರೂಢಿಯಿಲ್ಲದ ನಾಯಿ ಸರಳು ಕಚ್ಚಿ ಹಲ್ಲು ಮುರಿದುಕೊಳ್ಳಬಹುದು.

ತಿನಿಸು ತುಂಬಿದ ಟೊಳ್ಳು ರಬ್ಬರ್ ಆಟಿಕೆ ಇದಕ್ಕೆ ಸುಲಭೋಪಾಯ. 1970ರ ದಶಕದಲ್ಲಿ ಅಮೆರಿಕದಲ್ಲಿ ರೂಪುಗೊಂಡ ‘ಕಾಂಗ್’ ಇವುಗಳಲ್ಲಿ ಪ್ರಸಿದ್ಧ. ನೆಕ್ಕುತ್ತ, ಜಗಿಯುತ್ತ ನಾಯಿ ಶಾಂತವಾಗುತ್ತದೆ. ಕ್ರಮೇಣ ಗೂಡೆಂದರೆ ತಿನಿಸು ಸಿಗುವ ಸ್ಥಳವೆಂದು ಅರಿಯುತ್ತದೆ.

ಭೌಗೋಳಿಕ ಸೂಚಕ ಮಾನ್ಯತೆ ಪಡೆದ ಕಮಲಾಪುರದ ಕೆಂಪು ಬಾಳೆಹಣ್ಣಿನ ಸಣ್ಣ ತುಂಡನ್ನು ಸಿಪ್ಪೆ ಸುಲಿದು, ಮೊಸರನ್ನದೊಡನೆ ಕಿವುಚಿ ತುಂಬಿ, ಫ್ರಿಜ್‌ನಲ್ಲಿ ಗಟ್ಟಿಗೊಳಿಸಿದರೆ ಹೆಚ್ಚು ಹೊತ್ತು ಬರುತ್ತದೆ. ಈರುಳ್ಳಿ, ದ್ರಾಕ್ಷಿ, ಚಾಕೊಲೇಟ್ ನಾಯಿಗೆ ವಿಷಕಾರಿ. ಆಟಿಕೆಯು ನುಂಗಲಾಗದಷ್ಟು ದೊಡ್ಡದಿರಬೇಕು.

ಮೊದಲ ಕೆಲವು ದಿನ ಗೂಡಿನ ಬಾಗಿಲು ತೆರೆದಿಟ್ಟೇ ಆಟಿಕೆ ಕೊಡಬೇಕು. ಬಳಿಕ ಐದು, ಹತ್ತು ನಿಮಿಷ ಮುಚ್ಚಿ, ತಿನಿಸು ಮುಗಿಯುವ ಮುನ್ನವೇ ತೆರೆಯಬೇಕು. ಅವಧಿಯನ್ನು ನಿಧಾನವಾಗಿ ಹೆಚ್ಚಿಸಬೇಕು.

ಮೈಚಾಚಿ ಅಲುಗಾಡಲಾಗದಷ್ಟು ಇಕ್ಕಟ್ಟಾದ ಗೂಡಿನಲ್ಲಿ ಪ್ರಾಣಿಯನ್ನಿಡುವುದು 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯಡಿ ಅಪರಾಧ. ಕಲಬುರಗಿಯ ಬೇಸಿಗೆಯಲ್ಲಿ ಗೂಡಿಗೆ ನೆರಳೂ ಕುಡಿಯುವ ನೀರೂ ಇರಲೇಬೇಕು. ಲಾರಿ ಹೊರಟೊಡನೆ ನಾಯಿಯನ್ನು ಹೊರಬಿಡುವುದು ಮಾಲೀಕರ ಹೊಣೆ.